ಗುರುವಾರದ ನ್ಯೂಟ್ರೋಫಿಲ್ ಪ್ರಾಕ್ಟಿಕಲ್: ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಎರಡನೇ ಬ್ಯಾಚಿನವರಿಗೆ ಗುರುವಾರ ಬೆಳಿಗ್ಗೆ 9:30ಕ್ಕೆ ಟ್ರಾನ್ಸ್‌ವೆಲ್ ಪ್ರಯೋಗ (ಕೋಶಗಳು ರಂಧ್ರವಿರುವ ಪೊರೆ ದಾಟಿ ಕೆಳಗಿಳಿಯುವುದನ್ನು ನೋಡುವ ಪ್ರಯೋಗ) ಇದೆ. ಉರಿಯೂತದ ಜಾಗದಿಂದ ಹೊರಡುವ ಐಎಲ್-8 (ಇಂಟರ್‌ಲ್ಯೂಕಿನ್-8, ಕೋಶಗಳನ್ನು ಸೆಳೆಯುವ ಪ್ರೋಟೀನ್) ಸಂಕೇತಕ್ಕೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಹೇಗೆ ಓಗೊಡುತ್ತವೆ ಎಂದು ನೋಡುತ್ತೇವೆ. ಅಂದೇ ತೆಗೆದ ರಕ್ತ, ತಡ ಮಾಡಬೇಡಿ.

ಇನ್ಸರ್ಟ್ (ತಟ್ಟೆಯ ಗುಳಿ, ಅಂದರೆ ವೆಲ್‌ನೊಳಗೆ ಇಳಿಸುವ, ಪೊರೆಯ ತಳವಿರುವ ಪುಟ್ಟ ಬಟ್ಟಲು) 3 ಮೈಕ್ರಾನ್ ರಂಧ್ರದ್ದೇ ಇರಲಿ. 8 ಮೈಕ್ರಾನ್ ಆದರೆ ಕೋಶಗಳು ಸುಮ್ಮನೆ ಸೋರುತ್ತವೆ. ಕೆಳಗೆ 600 ಮೈಕ್ರೋಲೀಟರ್ ಐಎಲ್-8 ದ್ರಾವಣ, ಮೇಲೆ 100 ಮೈಕ್ರೋಲೀಟರ್ ಕೋಶ, 37 ಡಿಗ್ರಿಯಲ್ಲಿ ಒಂದು ಗಂಟೆ. ಇನ್ಸರ್ಟನ್ನು ಓರೆಯಾಗಿ ಇಳಿಸಿ. ಅಡಿಯಲ್ಲಿ ಗುಳ್ಳೆ ಸಿಕ್ಕಿಕೊಂಡರೆ ಆ ವೆಲ್ ಹೋದಂತೆಯೇ. ವೋರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಕುಲುಕುವುದು ಬೇಡವೇ ಬೇಡ: ಕೋಶಗಳು ಮೊದಲೇ ಉದ್ರಿಕ್ತವಾಗಿ ಅಂಟಿಕೊಳ್ಳುತ್ತವೆ.

ಒಂದು ವೆಲ್‌ನಲ್ಲಿ ಮೇಲೂ ಕೆಳಗೂ ಸಮ ಸಾಂದ್ರತೆಯ ಐಎಲ್-8 ಹಾಕಿ. ಇದಿಲ್ಲದಿದ್ದರೆ ಕೋಶಗಳು ಸೆಳೆತಕ್ಕೆ ಇಳಿದವೋ, ಬರೀ ಚುರುಕಾಗಿ ಅಲೆದವೋ ಹೇಳಲಾಗದು. ನನ್ನ ಪ್ರಕಾರ ಪ್ರಯೋಗದ ಜೀವವೇ ಇದು.

ಬರುವವರು ಬುಧವಾರ ಸಂಜೆ 5ರೊಳಗೆ ಇಲ್ಲೇ ಹೆಸರು ಹಾಕಿ.