ಗಂಟರ್ ಸರಪಳಿಯ ಲೆಕ್ಕ

ಲಂಡನ್

ತೀರ್ಥರೂಪು ಅಪ್ಪನವರಿಗೆ ಮಗಳ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಚಳಿ ಮಾತ್ರ ಜಾಸ್ತಿ. ಸರ್ವೆ ಕೆಲಸದಲ್ಲಿ ನೀವು ಎಳೆಯುತ್ತಿದ್ದ 33 ಅಡಿ ಸರಪಳಿಗೆ ಇಲ್ಲಿ ಒಬ್ಬ ಅಣ್ಣ ಇದ್ದಾನೆ. ಉದ್ದ 66 ಅಡಿ, ಸರಿಯಾಗಿ ಎರಡರಷ್ಟು. ಎಡ್ಮಂಡ್ ಗಂಟರ್ ಎಂಬ ಇಂಗ್ಲಿಷ್ ಗಣಿತಜ್ಞ 1620ರ ಸುಮಾರಿಗೆ ರೂಢಿಗೆ ತಂದದ್ದು. ನಿಮ್ಮದರಲ್ಲಿ 16 ಭಾಗ, ಅಂದರೆ ಆಣೆ; ಇವನದರಲ್ಲಿ 100 ಕೊಂಡಿ. ಎಣಿಕೆ ತಪ್ಪದಿರಲಿ ಅಂತ ಹತ್ತು ಕೊಂಡಿಗೊಂದು ಹಿತ್ತಾಳೆ ಬಿಲ್ಲೆ.

ಜಾಣತನ ಇರುವುದು ಆ ನೂರರಲ್ಲಿ. ಎಕರೆಗೆ 4840 ಚದರ ಗಜ ಅಂದರೆ ಯಾರಿಗಾದರೂ ತಲೆನೋವು. ಗಂಟರ್ ಸರಪಳಿಯಲ್ಲಿ 10 ಚದರ ಸರಪಳಿಗೆ, ಅಂದರೆ ಒಂದು ಲಕ್ಷ ಚದರ ಕೊಂಡಿಗೆ, ಒಂದು ಎಕರೆ. ಹೊಲ 825 ಕೊಂಡಿ ಉದ್ದ, 400 ಕೊಂಡಿ ಅಗಲ ಅಂತಿಟ್ಟುಕೊಳ್ಳಿ. ಗುಣಿಸಿದರೆ 330000. ಬಲಗಡೆಯ ಐದು ಅಂಕಿ ಬಿಟ್ಟರೆ 3 ಎಕರೆ. ಎಕರೆಗೆ 40 ಗುಂಟೆ ತಾನೇ, ಬಿಟ್ಟ 30000ವನ್ನು 40ರಿಂದ ಗುಣಿಸಿ, ಮತ್ತೆ ಐದು ಅಂಕಿ ಬಿಡಿ. 12 ಗುಂಟೆ! ಗುಂಟೆ ನಮ್ಮದು ಬಿಡಿ, ಎಕರೆಗಿಂತ ಚಿಕ್ಕ ಅಳತೆಗೆ ಇವರು ರೂಡ್, ಪರ್ಚ್ ಅನ್ನುತ್ತಿದ್ದರು. ಆದರೆ ನೋಡಿ ಅಪ್ಪಾ, ಭಾಗಾಕಾರವೇ ಇಲ್ಲ.

ಆಗಿನ ಲಂಡನ್ನಿನಲ್ಲಿ ಇಂಥವರು ಬೇಕಾದಷ್ಟಿದ್ದರು. ಹಡಗಿನವರಿಗೆ, ಬಡಗಿಗಳಿಗೆ, ಜಮೀನು ಅಳೆಯುವವರಿಗೆ ಲೆಕ್ಕ ಹೇಳಿಕೊಡುವುದೇ ಕಸುಬು. ಗ್ರೆಷಮ್ ಕಾಲೇಜಿನಲ್ಲಿ 1597ರಿಂದ ಪುಕ್ಕಟೆ ಪಾಠ, ಲ್ಯಾಟಿನ್ ಜೊತೆಗೆ ಇಂಗ್ಲಿಷಿನಲ್ಲೂ. ಸ್ಟ್ರಾಂಡ್ ಬೀದಿಯ ಸೇಂಟ್ ಕ್ಲೆಮೆಂಟ್ ಡೇನ್ಸ್ ಚರ್ಚಿನ ಹತ್ತಿರ ಎಲಿಯಾಸ್ ಆಲನ್‌ನ ಹಿತ್ತಾಳೆ ಉಪಕರಣಗಳ ಅಂಗಡಿ.

ಪಂಡಿತರಿಗೆ ಇವರನ್ನು ಕಂಡರೆ ಅಷ್ಟಕ್ಕಷ್ಟೆ. 1619ರಲ್ಲಿ ಹೆನ್ರಿ ಸಾವಿಲ್ ಎಂಬ ಪಂಡಿತ ಆಕ್ಸ್‌ಫರ್ಡ್‌ನಲ್ಲಿ ರೇಖಾಗಣಿತಕ್ಕೊಂದು ಪೀಠ ಸ್ಥಾಪಿಸಿದ. ಆ ಕೆಲಸಕ್ಕೆ ಗಂಟರ್ ತನ್ನ ಸೆಕ್ಟರ್, ಕ್ವಾಡ್ರಂಟ್ ಎಂಬ ಲೆಕ್ಕದ, ಕೋನ ಅಳೆಯುವ ಉಪಕರಣಗಳನ್ನು ಹಿಡಿದುಕೊಂಡೇ ಹೋದನಂತೆ, ತ್ರಿಕೋನಗಳನ್ನು ಬಿಡಿಸಿ ತೋರಿಸಿದನಂತೆ. ಇದೇನು ರೇಖಾಗಣಿತವಾ, ಬರೀ ಕಣ್ಕಟ್ಟು ಅಂತ ಗದರಿ ಸಾವಿಲ್ ಅವನನ್ನು ಕಳಿಸಿಬಿಟ್ಟ, ಗಣಿತಜ್ಞ ಹೆನ್ರಿ ಬ್ರಿಗ್ಸ್‌ಗೆ ಹೇಳಿಕಳಿಸಿದ. ಇದು ಆ ಶತಮಾನದ ಜೀವನಚರಿತ್ರೆಕಾರ ಜಾನ್ ಆಬ್ರಿ ಬರೆದಿಟ್ಟ ಕತೆ. ಆ ಮನುಷ್ಯನಿಗೆ ಹರಟೆ ಅಂದರೆ ಪ್ರಾಣ, ಸ್ವಲ್ಪ ಮಸಾಲೆ ಬಿದ್ದಿರಬಹುದು. ತಮಾಷೆ ಏನೆಂದರೆ, ಬ್ರಿಗ್ಸ್ ಕೂಡ ಗ್ರೆಷಮ್‌ನಲ್ಲಿ ಪಾಠ ಮಾಡುತ್ತಿದ್ದವನೇ. ಗಂಟರ್ ಅದೇ ವರ್ಷ ಅಲ್ಲಿ ಖಗೋಳದ ಮೇಷ್ಟ್ರಾದ.

ನನಗಂತೂ ಸಾವಿಲ್ ಮೇಲೆ ಸಿಟ್ಟು. ಭಾಗಾಕಾರ ಬಾರದವನ ಕೈಯಲ್ಲೂ ಸರಿಯಾದ ಎಕರೆ ಬರಿಸುವುದು ಕಣ್ಕಟ್ಟಾ? ನೀವು ಸಾವಿಲ್ ಪಕ್ಷವೇ ಇರಬೇಕು. ಮಗ್ಗಿ ಬಾಯಿಗೆ ಬರುವ ತನಕ ಕ್ಯಾಲ್ಕುಲೇಟರ್ ಮುಟ್ಟಲು ಬಿಟ್ಟವರಲ್ಲ, ಅಲ್ವಾ? ಭಾನುವಾರ ಫೋನಿನಲ್ಲಿ ಜಗಳ ಆಡೋಣ. ಅಮ್ಮನಿಗೆ ಚಟ್ನಿಪುಡಿ ಮುಗಿದಿದೆ ಅಂತ ಹೇಳಿ.

ಇಂತಿ,
ನಿಮ್ಮ ಮಗಳು