ಕೂರಸ್ಸಿನ ಹಳದಿ ಗೋಡೆ

ಸ್ಕಾಟ್‌ಲ್ಯಾಂಡಿನ ಫೋರ್ತ್ ಕೊಲ್ಲಿಯ ಉತ್ತರ ದಂಡೆಯ ಈ ಪುಟ್ಟ ಊರಿನ ಹೆಸರನ್ನು ಫಲಕದಲ್ಲಿ ಓದಿದರೆ ಕಲ್‌ರಾಸ್ ಅನ್ನಬೇಕೆನಿಸುತ್ತದೆ. ಊರವರ ಬಾಯಲ್ಲಿ ಅದು ಕೂರಸ್. ಅಲ್ಲಿಗೆ ಹೋಗುವ ನಮ್ಮ ಸಂಘದ ಸದಸ್ಯರು ಊರಿನ ಅರಮನೆಯ ಒಳಹೊಕ್ಕುವ ಮೊದಲು ಅದರ ಹಳದಿ ಗೋಡೆಯ ಮುಂದೆ ಐದು ನಿಮಿಷ ನಿಲ್ಲಲಿ.

ಅರಮನೆ ಎಂಬುದು ಹೆಸರಿಗಷ್ಟೆ. 1597ರಿಂದ 1611ರ ನಡುವೆ ಇದನ್ನು ಕಟ್ಟಿಸಿದವನು ಕಲ್ಲಿದ್ದಲು, ಉಪ್ಪಿನ ವ್ಯಾಪಾರಿ ಜಾರ್ಜ್ ಬ್ರೂಸ್. ಸಮುದ್ರದಡಿಗೆ ಚಾಚಿದ್ದ ಅವನ ಗಣಿ 1625ರ ಬಿರುಗಾಳಿಗೆ ನೀರು ನುಗ್ಗಿ ಮುಳುಗಿತು. ಮನೆ ಉಳಿಯಿತು. 1932ರಲ್ಲಿ, ಹುಟ್ಟಿ ಒಂದೇ ವರ್ಷವಾಗಿದ್ದ, ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್‌ಲ್ಯಾಂಡ್ ಅದನ್ನು 700 ಪೌಂಡಿಗೆ ಕೊಂಡಿತು.

ಇಲ್ಲಿನ ಗೋಡೆಗಳ ಮೇಲಿನ ಒರಟು ಲೇಪಕ್ಕೆ ಹಾರ್ಲಿಂಗ್ ಎನ್ನುತ್ತಾರೆ. ನಮ್ಮ ಹಳೆಮನೆಗಳ ಗಾರೆಯ ದಾಯಾದಿಯೇ ಸರಿ, ಬೆಲ್ಲ, ಅಳಲೆಕಾಯಿ ಮಾತ್ರ ಇಲ್ಲ. ಒಂದು ಪಾಲು ಸುಣ್ಣಕ್ಕೆ ಸುಮಾರು ಮೂರು ಪಾಲು ದಪ್ಪ ಮರಳು, ಸಣ್ಣ ಜಲ್ಲಿ. ಗೋಡೆಗೆ ನೀರು ಹಾಕಿ ತೋಯಿಸಿ, ಕರಣೆಯಿಂದ ಸವರದೆ ಬೀಸಿ ಎರಚಬೇಕು. ಆಮೇಲೆ ಒದ್ದೆ ಗೋಣಿತಾಟು ಇಳಿಬಿಟ್ಟು ಕೆಲವು ದಿನ ಹಸಿಯಾಗಿಡಬೇಕು. ಚಳಿ 5 ಡಿಗ್ರಿಗಿಂತ ಕೆಳಗಿಳಿದರೆ ಕೆಲಸಕ್ಕೆ ಕೈಹಾಕಬಾರದು: ಒಳಗಿನ ನೀರು ಹೆಪ್ಪುಗಟ್ಟಿ ಉಬ್ಬಿದರೆ ಲೇಪ ಹಕ್ಕಳೆಯಾಗಿ ಉದುರುತ್ತದೆ. ಮೇಲೆ ಹಾಲಿನಷ್ಟು ತೆಳ್ಳಗಿನ ಸುಣ್ಣವನ್ನು ನಾಲ್ಕೈದು ಸಲ ಬಳಿಯುತ್ತಾರೆ. ಆತುರಕ್ಕೆ ಒಮ್ಮೆಗೇ ದಪ್ಪ ಬಳಿದರೆ ಬಿರುಕು ಬಿಟ್ಟು ಪುಡಿಯಾಗುತ್ತದೆ. ಹಳದಿ ಬರುವುದು ಸುಣ್ಣಕ್ಕೆ ಬೆರೆಸಿದ ಹಳದಿ ಮಣ್ಣಿನಿಂದ (ಓಕರ್).

ಕಲ್ಲಿನ ಹಳೆಮನೆ ಕೊಂಡಿರುವ ನಮ್ಮವರು ಗಮನಿಸಬೇಕಾದ ವಿಷಯ ಇಲ್ಲಿದೆ. ಕಳೆದ ಶತಮಾನದಲ್ಲಿ ಇಂಥ ಎಷ್ಟೋ ಗೋಡೆಗಳಿಗೆ ಸಿಮೆಂಟ್ ಮೆತ್ತಿದರು. ಸಿಮೆಂಟ್ ಬಾಗದು, ಬಿರಿಯುತ್ತದೆ. ಆ ಕೂದಲೆಳೆಯ ಬಿರುಕಿನಿಂದ ಒಳಹೋದ ಮಳೆನೀರಿಗೆ ಆರಿಹೋಗಲು ದಾರಿಯಿಲ್ಲ. ಮರಳುಗಲ್ಲಿನ ಮುಖ ಪುಡಿಯಾಗುತ್ತದೆ, ಗೋಡೆಯೊಳಗೆ ಹೂತ ತೊಲೆಯ ತುದಿ ಕೊಳೆಯುತ್ತದೆ. ತೇವ ಕಂಡೊಡನೆ ಒಳಗೋಡೆಗೆ ದುಬಾರಿ ರಾಸಾಯನಿಕ ಚುಚ್ಚಿಸಬೇಡಿ. ಮೊದಲು ಸೂರಿನ ದೋಣಿಯಲ್ಲಿ ಎಲೆ ಕಟ್ಟಿದೆಯೇ, ಕೊಳವೆ ಸೋರುತ್ತಿದೆಯೇ ನೋಡಿ. ಬಳಿಕ ಕಲ್ಲುಗಳ ಸಂದಿಯನ್ನು ಬೀಗದ ಕೈಯಿಂದ ಗೀರಿ: ಸುಣ್ಣವಾದರೆ ಪುಡಿ ಉದುರುತ್ತದೆ, ಸಿಮೆಂಟಾದರೆ ಗೀರೇ ಬೀಳದು. ಸಿಮೆಂಟನ್ನು ಉಳಿಯಿಂದ ನಿಧಾನವಾಗಿ ಬಿಡಿಸಬೇಕು, ಯಂತ್ರ ಹಿಡಿದರೆ ಕಲ್ಲಿನ ಅಂಚೇ ಒಡೆಯುತ್ತದೆ. ಮನೆ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಕೌನ್ಸಿಲ್ಲಿನ ಒಪ್ಪಿಗೆ ಮೊದಲೇ ಪಡೆಯಿರಿ. ಅದಕ್ಕೆ ತಿಂಗಳುಗಳು ಹಿಡಿಯಬಹುದು; ಬೇಸಿಗೆಯಲ್ಲಿ ಗಾರೆ ಹಾಕಿಸುವವರು ಚಳಿಗಾಲದಲ್ಲೇ ಅರ್ಜಿ ಕೊಡಬೇಕು.