ಮೀಟರ್ ಬದಲಿಸಿದ ಮೇಲೆ ಒಂದು ಮನೆಯ ಬಿಲ್ ಇನ್ನೊಂದು ಮನೆಗೆ: ಸರಿಪಡಿಸಲು ಕೋರಿ ದೂರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ವಿದ್ಯುತ್ ಸರಬರಾಜು ಕಂಪನಿ

ವಿಷಯ: ಕೆಳಮನೆ ಹಾಗೂ ಮಹಡಿಮನೆಯ ಮೀಟರ್‌ಗಳು ಅದಲುಬದಲಾಗಿರುವುದು ಮತ್ತು ಪಂಪಿನ ಮೀಟರಿಗೆ ಸರಾಸರಿ ಬಿಲ್ ಹಾಕಿರುವುದರ ಬಗ್ಗೆ.

ಮಾನ್ಯರೇ,

ನಮ್ಮ ಕಟ್ಟಡದಲ್ಲಿ ಮೂರು ಮೀಟರ್‌ಗಳಿವೆ. ಒಂದು ನಾವಿರುವ ಕೆಳಮನೆಯದು, ಇನ್ನೊಂದು ಬಾಡಿಗೆಯವರಿರುವ ಮಹಡಿಯದು, ಮೂರನೆಯದು ನೀರಿನ ಪಂಪು ಮತ್ತು ಮೆಟ್ಟಿಲಿನ ದೀಪಗಳದು. ಯಾರು ಎಷ್ಟು ಉರಿಸಿದರೋ ಅವರು ಅಷ್ಟು ಕಟ್ಟಲಿ, ಪಂಪಿನ ಖರ್ಚನ್ನು ಎರಡೂ ಮನೆಯವರು ಹಂಚಿಕೊಳ್ಳೋಣ ಎಂಬ ಒಂದೇ ಕಾರಣಕ್ಕೆ, ಮೂರು ಸಂಪರ್ಕಗಳಿಗೂ ತಿಂಗಳು ತಿಂಗಳು ನಿಗದಿತ ಶುಲ್ಕ ತೆರುತ್ತಿದ್ದೇವೆ. ನಿಮ್ಮ ಸಿಬ್ಬಂದಿ ಹಳೆಯ ಮೀಟರ್‌ಗಳನ್ನು ತೆಗೆದು ಹೊಸದನ್ನು ಅಳವಡಿಸಿ ಹೋದಂದಿನಿಂದ ಈ ಲೆಕ್ಕವೇ ತಲೆಕೆಳಗಾಗಿದೆ.

ನಮ್ಮ ಬಿಲ್ ಏರತೊಡಗಿದಾಗ ದೂರು ಕೊಟ್ಟೆವು. ಸ್ಥಳಕ್ಕೆ ಯಾರೂ ಬರಲಿಲ್ಲ. ‘ನಿಮ್ಮ ಬಳಕೆ ಹೆಚ್ಚಾಗಿದೆ, ಎಲ್‌ಇಡಿ ಬಲ್ಬ್ ಬಳಸಿ’ ಎಂಬ ಉಪದೇಶ ಮಾತ್ರ ಬಂತು. ನಮ್ಮ ಮನೆಯಲ್ಲಿ ಬೇರೆ ಬಗೆಯ ಬಲ್ಬೇ ಇಲ್ಲ. ಆದರೂ ಗೀಸರ್ ಹಾಕುವ ಹೊತ್ತನ್ನು ಕಡಿಮೆ ಮಾಡಿದೆವು, ಇಸ್ತ್ರಿಯನ್ನು ವಾರಕ್ಕೊಮ್ಮೆ ಮಾಡಿದೆವು. ನಾವು ಉಳಿಸಿದಷ್ಟೂ ಇಳಿದದ್ದು ಮಹಡಿಯವರ ಬಿಲ್! ಅವರು ಹವಾನಿಯಂತ್ರಕವನ್ನು ರಾತ್ರಿಯಿಡೀ ಓಡಿಸಿಯೂ ಬಿಲ್ ಕಡಿಮೆಯೇ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಇದ್ದರು. ಅವರನ್ನು ದೂರಿ ಫಲವಿಲ್ಲ. ಬಿಲ್ ಹೇಳಿದ್ದನ್ನು ಅವರು ನಂಬಿದರು.

ಕೊನೆಗೆ ಎರಡೂ ಮನೆಯವರು ಸೇರಿ ಮೀಟರ್ ಬೋರ್ಡಿನ ಮುಂದೆ ನಿಂತು ಪರೀಕ್ಷೆ ಮಾಡಿದೆವು. ಮೊದಲು ಕೆಳಮನೆಯ ಮೇನ್ ಸ್ವಿಚ್ ಆರಿಸಿದೆವು. ನಮ್ಮ ಬಿಲ್ಲಿನಲ್ಲಿ ನಮೂದಾಗಿರುವ ಕ್ರಮಸಂಖ್ಯೆಯ ಮೀಟರಿನ ಕೆಂಪು ದೀಪ ಮಿನುಗುತ್ತಲೇ ಇತ್ತು. ನಿಂತದ್ದು ಮಹಡಿಯವರ ಬಿಲ್ಲಿನಲ್ಲಿರುವ ಮೀಟರಿನ ದೀಪ. ಬಳಿಕ ಮಹಡಿಯ ಮೇನ್ ಸ್ವಿಚ್ ಆರಿಸಿ, ನಮ್ಮದನ್ನು ಹಾಕಿ, 2000 ವಾಟ್‌ನ ಗೀಸರ್ ಒಂದನ್ನೇ ಚಾಲೂ ಮಾಡಿದೆವು. ಮೀಟರಿನ ಮುಖದ ಮೇಲೆಯೇ ಬರೆದಿರುವಂತೆ 3200 ಬಾರಿ ಮಿನುಗಿದರೆ ಒಂದು ಯೂನಿಟ್. ಹಾಗಾದರೆ ಇಷ್ಟು ದೊಡ್ಡ ಗೀಸರಿಗೆ ದೀಪ ನಿಮಿಷಕ್ಕೆ ಸುಮಾರು 107 ಬಾರಿ ಮಿನುಗಬೇಕು. ಹೆಚ್ಚುಕಡಿಮೆ ಅಷ್ಟೇ ಮಿನುಗಿತು, ಆದರೆ ಮಹಡಿಯವರ ಹೆಸರಿನ ಮೀಟರಿನಲ್ಲಿ. ನಮ್ಮ ಹೆಸರಿನದು ಅಲುಗಾಡಲಿಲ್ಲ. ಅಂದರೆ ಮೀಟರ್‌ಗಳ ಅಳತೆಯ ಬಗ್ಗೆ ನಮ್ಮ ತಕರಾರಿಲ್ಲ. ಪ್ರಯೋಗಾಲಯದಲ್ಲಿ ಮೀಟರ್ ಪರೀಕ್ಷಿಸಲು ಶುಲ್ಕ ಕಟ್ಟಿ ಎಂದು ದಯವಿಟ್ಟು ಹೇಳಬೇಡಿ. ಪರೀಕ್ಷೆಯಲ್ಲಿ ಎರಡೂ ಮೀಟರ್ ಪಾಸಾಗುತ್ತವೆ, ತಪ್ಪು ಇದ್ದಲ್ಲೇ ಇರುತ್ತದೆ.

ಒಳಗಿನ ವೈರಿಂಗ್ ಗ್ರಾಹಕರ ಹೊಣೆ ಎಂಬ ಉತ್ತರವೂ ಇಲ್ಲಿ ಸಲ್ಲುವುದಿಲ್ಲ. ಮೀಟರ್ ಬದಲಿಸಿದ ಮೇಲೆ ನಮ್ಮ ಕಡೆಯ ವೈರಿಂಗನ್ನು ಯಾರೂ ಮುಟ್ಟಿಲ್ಲ. ತಂತಿ ಬಿಚ್ಚಿ ಮತ್ತೆ ಜೋಡಿಸಿದವರು ನಿಮ್ಮವರು, ಕ್ರಮಸಂಖ್ಯೆಗಳನ್ನು ದಾಖಲಿಸಿಕೊಂಡವರೂ ನಿಮ್ಮವರೇ. ತಂತಿ ಅದಲುಬದಲಾಗಿದೆಯೋ ಸಂಖ್ಯೆ ಅದಲುಬದಲಾಗಿದೆಯೋ ನೋಡಬೇಕಾದರೆ ನಿಮ್ಮ ಸೀಲು ಒಡೆಯಬೇಕು. ಆ ಅಧಿಕಾರ ನಮಗಿಲ್ಲ.

ಎರಡು ಬಿಲ್‌ಗಳ ಯೂನಿಟ್ ಕೂಡಿಸಿದರೆ ಕಂಪನಿಗೆ ನಷ್ಟವೇನೂ ಇಲ್ಲ. ಬಹುಶಃ ಅದಕ್ಕೇ ಯಾರಿಗೂ ಅವಸರವಿಲ್ಲ. ನಷ್ಟವಾಗಿರುವುದು ನಮಗೆ. ನಮ್ಮ ಸಂಪರ್ಕಕ್ಕೆ ಮಂಜೂರಾದ ಲೋಡ್ (ಒಮ್ಮೆಗೆ ಬಳಸಬಹುದಾದ ವಿದ್ಯುತ್ತಿನ ಮಿತಿ) ಕಡಿಮೆ. ಮಹಡಿಯ ಹವಾನಿಯಂತ್ರಕದ ಭಾರ ನಮ್ಮ ಲೆಕ್ಕಕ್ಕೆ ಬಿದ್ದು, ಲೋಡ್ ಮೀರಿದ್ದೀರಿ ಎಂದು ನಮಗೆ ಹೆಚ್ಚುವರಿ ಶುಲ್ಕವನ್ನೂ ವಿಧಿಸಲಾಗಿದೆ.

ಪಂಪಿನ ಮೀಟರಿನದು ಬೇರೆ ಕಥೆ. ಅದು ಗೇಟಿನ ಪಕ್ಕದಲ್ಲೇ ಇದ್ದರೂ ‘ಬಾಗಿಲು ಹಾಕಿತ್ತು’ ಎಂದು ಬರೆದು ಹಲವು ತಿಂಗಳು ಸರಾಸರಿ ಬಿಲ್ ಕೊಟ್ಟರು. ಆಮೇಲೆ ಒಮ್ಮೆ ರೀಡಿಂಗ್ ತೆಗೆದು, ಉಳಿದ ಯೂನಿಟ್‌ಗಳನ್ನೆಲ್ಲ ಒಂದೇ ತಿಂಗಳ ಬಳಕೆಯೆಂದು ತೋರಿಸಿದರು. ತಿಂಗಳ ಬಳಕೆ ಹೆಚ್ಚಿದಂತೆ ಯೂನಿಟ್ ದರವೂ ಏರುವ ಸ್ಲ್ಯಾಬ್ ಪದ್ಧತಿಯಲ್ಲಿ ಹೀಗೆ ಗುಡ್ಡೆ ಹಾಕಿದರೆ ಕೆಳಗಿನ ದರದಲ್ಲಿ ಹೋಗಬೇಕಾದ ಯೂನಿಟ್‌ಗಳು ಮೇಲಿನ ದರಕ್ಕೆ ಏರುತ್ತವೆ. ಆ ಯೂನಿಟ್‌ಗಳನ್ನು ಆಯಾ ತಿಂಗಳುಗಳಿಗೆ ಹಂಚಿ ಬಿಲ್ ತಿದ್ದಬೇಕು.

ಆದ್ದರಿಂದ ಒಬ್ಬ ಎಂಜಿನಿಯರನ್ನು ಸ್ಥಳಕ್ಕೆ ಕಳುಹಿಸಿ ಮೂರೂ ಮೀಟರ್‌ಗಳನ್ನು ಗ್ರಾಹಕ ಸಂಖ್ಯೆಯೊಂದಿಗೆ ತಾಳೆ ನೋಡಿಸಿ, ನಮ್ಮೆದುರಿನಲ್ಲೇ ವರದಿ ಬರೆಸಿ. ಮೀಟರ್ ಬದಲಿಸಿದ ದಿನದ ದಾಖಲೆಯ ಪ್ರತಿಯನ್ನು ನಮಗೆ ಕೊಡಿ; ಹಳೆಯ ಮೀಟರ್‌ಗಳ ಕೊನೆಯ ರೀಡಿಂಗ್ ಮತ್ತು ಹೊಸವುಗಳ ಮೊದಲ ರೀಡಿಂಗ್ ಅದರಲ್ಲಿರಬೇಕು. ಅಂದಿನಿಂದ ಇಂದಿನವರೆಗಿನ ಬಿಲ್‌ಗಳನ್ನು ಪರಿಷ್ಕರಿಸಿ, ಲೋಡ್ ಮೀರಿದ ಶುಲ್ಕವನ್ನು ರದ್ದುಪಡಿಸಿ. ಮಹಡಿಯವರ ಹೆಸರಿಗೆ ಬರುವ ಬಾಕಿಯನ್ನು ಬಡ್ಡಿಯಿಲ್ಲದೆ ಕಂತುಗಳಲ್ಲಿ ಕಟ್ಟಿಸಿಕೊಳ್ಳಿ, ತಪ್ಪು ಅವರದಲ್ಲ. ಇದು ಇತ್ಯರ್ಥವಾಗುವವರೆಗೆ ಯಾವ ಸಂಪರ್ಕವನ್ನೂ ಕಡಿತಗೊಳಿಸಬಾರದು.

ಬರುವ ದಿನವನ್ನು ಮುಂಚಿತವಾಗಿ ತಿಳಿಸಿ. ಮೇನ್ ಸ್ವಿಚ್‌ಗಳು ಎರಡೂ ಮನೆಗಳ ಒಳಗಿವೆ; ಎರಡೂ ಮನೆಯವರು ಹಾಜರಿರುತ್ತೇವೆ.

ಇಂತಿ,
ಕೆಳಮನೆಯ ಗ್ರಾಹಕರು
(ಮಹಡಿಮನೆಯವರ ಸಹಿಯೂ ಇದೆ)

ಅಡಕ: ಮೂರು ಸಂಪರ್ಕಗಳ ಬಿಲ್‌ಗಳು, ಮೀಟರ್‌ಗಳ ಕ್ರಮಸಂಖ್ಯೆ ಕಾಣುವ ಚಿತ್ರಗಳು, ಪರೀಕ್ಷೆಯ ವಿಡಿಯೊ